ಚಿಮಟ ಎರಡು ಬೆರಳು ಸರಿದದ್ದು

ದೇಶದ ಗಡಿ ಒಂದು ಮೈಲಿ ಸರಿದರೆ ಸೈನ್ಯ ಹೊರಡುತ್ತದೆ, ನಕ್ಷೆಗಳು ಮತ್ತೆ ಅಚ್ಚಾಗುತ್ತವೆ, ಮುಂದಿನ ತಲೆಮಾರಿನ ಮಕ್ಕಳು ಅದರ ಇಸವಿಯನ್ನು ಉರುಹೊಡೆಯುತ್ತಾರೆ. ಅಷ್ಟೇ ಘನವಾದ ಘಟನೆಯೊಂದು ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಈ ಮನೆಯಲ್ಲಿ ನಡೆಯಿತು. ಗಡಿಯಾರ ರಿಪೇರಿಯ ಮೇಜಿನ ಮೇಲಿದ್ದ ಚಿಮಟ ಎರಡು ಬೆರಳಿನಷ್ಟು ಎಡಕ್ಕೆ ಸರಿಯಿತು.

ಸರಿಸಿದವಳು ತಮ್ಮನ ಹೆಂಡತಿ. ಕಸ ಗುಡಿಸುವ ನೆಪದಲ್ಲಿ ಬಂದಿದ್ದಳು. ಮೇಜು ಅಣ್ಣನದು, ಕೋಣೆಯೂ ಅವನದೇ. ಉತ್ತರಕ್ಕೆ ದೊಡ್ಡ ಕಿಟಕಿ ಇರುವ, ಇಡೀ ದಿನ ಒಂದೇ ಸಮನೆ ಬೆಳಕು ಬೀಳುವ ಕೋಣೆ ಆ ಮನೆಯಲ್ಲಿ ಇದ್ದದ್ದು ಅದೊಂದೇ. ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಕೂರಿಸುವವನಿಗೆ, ಅದೂ ಐವತ್ತೆಂಟು ದಾಟಿದ ಕಣ್ಣಿಗೆ, ಆ ಬೆಳಕು ಹೋದರೆ ಕಸುಬೇ ಹೋದಂತೆ. ಮನೆ ಇಬ್ಬರಿಗೂ ಸೇರಿದ್ದು. ಕೋಣೆ ಮಾತ್ರ ಅಣ್ಣನಿಗೆ ಉಳಿದಿದ್ದಕ್ಕೆ ಕಾಗದಪತ್ರವೇನೂ ಇರಲಿಲ್ಲ, ಅವನ ಸಿಟ್ಟೊಂದೇ ಆಧಾರ. ಒಮ್ಮೆ ಯಾರೋ ಈ ಚಿಮಟ ಮುಟ್ಟಿದ್ದಕ್ಕೆ ಅವನು ಗೋಡೆ ಗಡಿಯಾರದ ಲೋಲಕವನ್ನೇ ಬೀಸಿ ಒಗೆದಿದ್ದ. ಅದು ಅವನ ಹೆಂಡತಿಯ ಕಿವಿಯ ಪಕ್ಕದಲ್ಲಿ ಹಾದು ಗೋಡೆಗೆ ತಗುಲಿ ಮಾಡಿದ ಗುಳಿ ಈಗಲೂ ಕ್ಯಾಲೆಂಡರಿನ ಹಿಂದೆ ಇದೆ. ಪ್ರತಿ ತಿಂಗಳು ಹಾಳೆ ತಿರುಗಿಸುವಾಗ ಆಕೆ ಅದನ್ನು ಒಮ್ಮೆ ನೋಡುತ್ತಾಳೆ.

ಅಂಥವನು ಅಂದು ಕಣ್ಣು ಮುಚ್ಚಿ, ಉಸಿರು ಒಳಗೆ ಎಳೆದು, ನಿಧಾನವಾಗಿ ಬಿಟ್ಟು, ಚಿಮಟವನ್ನು ಎರಡು ಬೆರಳು ಬಲಕ್ಕೆ ಇಟ್ಟುಕೊಂಡ.

ತಮ್ಮನ ಹೆಂಡತಿ ಅಡುಗೆಮನೆಗೆ ಓಡಿ ಗಂಡನಿಗೆ ವರದಿ ಒಪ್ಪಿಸಿದಳು. "ಏನೂ ಅನ್ಲಿಲ್ಲ ರೀ."

"ಕೇಳಿಸಿಲ್ವೇನೋ."

"ಚಿಮಟ ಕೇಳಿಸುತ್ತೇನ್ರೀ? ಕಣ್ಣಾರೆ ನೋಡಿದ್ರು. ನೋಡಿ ಉಸಿರು ಬಿಟ್ರು, ಅಷ್ಟೆ."

ಅಂದು ಅಣ್ಣನ ವ್ರತದ ಒಂಬತ್ತನೇ ದಿನ. ರಕ್ತದೊತ್ತಡ ನೋಡಿದ ಡಾಕ್ಟರು ಯೋಗ ಮಾಡಿ ಎಂದಿದ್ದರು. ಟೈರು ಅಂಗಡಿಯ ಮೇಲಿನ ಮಹಡಿಯಲ್ಲಿ ಯೋಗ ಕಲಿಸುವ ಮೇಷ್ಟ್ರು ರಕ್ತದೊತ್ತಡಕ್ಕೇ ನಿಲ್ಲದೆ ಇನ್ನೂ ಒಳಕ್ಕೆ ಕರೆದೊಯ್ದಿದ್ದರು. ಬೆನ್ನುಮೂಳೆಯ ಬುಡದಲ್ಲಿ ಶಕ್ತಿ ಸುರುಳಿ ಸುತ್ತಿ ಮಲಗಿದೆ, ಮನಸ್ಸು ನಿಂತರೆ ಅದು ಏಳುತ್ತದೆ, ನೆತ್ತಿಯವರೆಗೆ ಏರುತ್ತದೆ ಎಂದಿದ್ದರು. ಉಳಿದ ಶಿಷ್ಯರು ಹಾವನ್ನು ಕಲ್ಪಿಸಿಕೊಂಡರೆ, ಅಣ್ಣನಿಗೆ ಗಡಿಯಾರದ ಸ್ಪ್ರಿಂಗು ಕಂಡಿತು. ಅವನಿಗೆ ಅದರಷ್ಟು ಅರ್ಥವಾಗುವ ವಸ್ತು ಲೋಕದಲ್ಲಿ ಬೇರೆ ಇರಲಿಲ್ಲ. ಮೇಷ್ಟ್ರ ಷರತ್ತು ಒಂದೇ: ನಲವತ್ತು ದಿನ ಕೋಪ ಬರಕೂಡದು. ಬಂದರೆ ಮತ್ತೆ ಒಂದರಿಂದ ಎಣಿಕೆ.

ಹದಿಮೂರನೇ ದಿನ ಕೋಣೆಗೆ ಆಳೆತ್ತರದ ಕನ್ನಡಿ ಬಂತು. ತಮ್ಮನ ಹೆಂಡತಿ ಬ್ಯೂಟಿ ಪಾರ್ಲರ್ ಕೋರ್ಸ್ ಮುಗಿಸಿದ್ದಳು. "ನಮ್ ರೂಮಲ್ಲಿ ಗೋಡೆ ಒದ್ದೆ ಭಾವ. ಎರಡೇ ದಿನ." ಹತ್ತೊಂಬತ್ತಕ್ಕೆ ತಿರುಗುವ ಕುರ್ಚಿ ಬಂತು. ಇಪ್ಪತ್ತೈದಕ್ಕೆ ಆ ಕುರ್ಚಿಯಲ್ಲಿ ಗಿರಾಕಿಗಳು ಕೂತರು. ಹುಬ್ಬು ತಿದ್ದುವುದಕ್ಕೂ ಉತ್ತರದ ಬೆಳಕೇ ಶ್ರೇಷ್ಠವಂತೆ. ಅಂದು ಸಂಜೆ ಅಣ್ಣ ಬಿಚ್ಚಿಟ್ಟಿದ್ದ ಗಡಿಯಾರವೊಂದು ಓಡಲೊಲ್ಲದಾಯಿತು. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ ನೋಡಿದರೆ, ಚಕ್ರದ ಹಲ್ಲಿಗೆ ಯಾರದೋ ಹುಬ್ಬಿನ ಕೂದಲು ಸುತ್ತಿಕೊಂಡಿತ್ತು.

ಅವನ ಕತ್ತಿನ ನರ ಉಬ್ಬಿದ್ದನ್ನು ಹೆಂಡತಿ ಬಾಗಿಲಲ್ಲೇ ನಿಂತು ಕಂಡಳು.

"ಇನ್ನು ಹದಿನೈದೇ ದಿನ. ಕೆಡಿಸ್ಕೋಬೇಡಿ," ಎಂದಳು.

"ನಲವತ್ತು ಮುಗೀಲಿ. ಆಮೇಲೆ ಇದೆ ಇವರಿಗೆ."

"ಮುಗೀಲಿ," ಎಂದು ಆಕೆ ಕ್ಯಾಲೆಂಡರಿನ ಕಡೆ ನೋಡಿದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆಕೆಗೆ ಸಿಕ್ಕ ಮೊದಲ ರಜೆ ಅದು. ಹಾಳುಮಾಡಿಕೊಳ್ಳುವಷ್ಟು ದಡ್ಡಿ ಆಕೆಯಲ್ಲ.

ಕೋಪವಿಲ್ಲದೆಯೂ "ಇದು ನನ್ನ ಕೋಣೆ, ಕನ್ನಡಿ ಎತ್ತಿ" ಎನ್ನಬಹುದಿತ್ತು. ಆದರೆ ಅವನಿಗೆ ಆ ಎರಡನ್ನೂ ಬೇರೆ ಮಾಡಿ ಗೊತ್ತಿರಲಿಲ್ಲ. ಮೇಷ್ಟ್ರು ಕಲಿಸಿದ ಆಸನಗಳಲ್ಲೂ ಅದೊಂದು ಇರಲಿಲ್ಲ.

ಮೂವತ್ತಮೂರಕ್ಕೆ ತಮ್ಮನೇ ಬಂದ. ಧ್ವನಿಯಲ್ಲಿ ಭಕ್ತಿ ತುಂಬಿತ್ತು. "ಅಣ್ಣಾ, ಹೆಂಗಸರು ಬಂದು ಹೋಗೋ ಜಾಗ. ನಿನ್ನ ಸಾಧನೆಗೆ ತೊಂದ್ರೆ ಆಗ್ಬಾರ್ದು ನೋಡು." ಮೇಜು ಮೆಟ್ಟಿಲ ಕೆಳಗೆ ಕರೆಂಟ್ ಮೀಟರಿನ ಪಕ್ಕಕ್ಕೆ ಹೋಯಿತು. ಎತ್ತುವಾಗ ಒಂದು ತುದಿಯನ್ನು ಅಣ್ಣನೇ ಹಿಡಿದಿದ್ದ. ಅಲ್ಲಿ ಒಂದು ಬಲ್ಬು. ಅದರ ಬೆಳಕಿನಲ್ಲಿ ದೊಡ್ಡ ತಿರುಪು ಕಾಣುತ್ತಿತ್ತು, ಸಣ್ಣದು ಕಾಣುತ್ತಿರಲಿಲ್ಲ. ಗಡಿಯಾರದಲ್ಲಿ ದೊಡ್ಡ ತಿರುಪುಗಳು ಕಡಿಮೆ.

ನಲವತ್ತನೇ ದಿನ ಬೆಳಿಗ್ಗೆ, ಚಿಮಟ ಕೈಯಲ್ಲಿದ್ದ ಹಾಗೆಯೇ, ಅವನು ಮೀಟರಿನ ಪಕ್ಕ ಕಣ್ಣು ಮುಚ್ಚಿ ಕುಳಿತ. ಪಾರ್ಲರಿನ ಬಾಗಿಲು ಅರ್ಧ ತೆರೆದಿತ್ತು.

"ಯಾರ್ರೀ ಅದು, ಮೆಟ್ಟಿಲ ಕೆಳಗೆ?" ಎಂದು ಗಿರಾಕಿಯೊಬ್ಬಳು ಕೇಳಿದಳು.

"ನಮ್ ಭಾವ," ಎಂದಳು ತಮ್ಮನ ಹೆಂಡತಿ. "ಮೊದ್ಲು ಹುಲಿ. ಈಗ ಹುಲಿ ಚರ್ಮ. ಮೇಲೆ ಕೂತ್ರೂ ಏನೂ ಅನ್ನಲ್ಲ."

ಇಬ್ಬರೂ ನಕ್ಕರು. ಅಡುಗೆಮನೆಯಿಂದ ಮೂರನೆಯ ನಗುವೊಂದೂ ಕೇಳಿತು. ಅದು ಅವನ ಹೆಂಡತಿಯದು.

ಆಗ ಅದು ಎದ್ದಿತು. ಬೆನ್ನುಮೂಳೆಯ ಬುಡದಲ್ಲಿ ಕೆಂಡ ಇಟ್ಟ ಹಾಗೆ ಬಿಸಿಯಾಯಿತು. ಬಿಸಿ ಹೊಕ್ಕುಳಿಗೆ ಬಂತು, ಎದೆ ಹೊಕ್ಕಿತು, ಗಂಟಲು ಬಿಗಿಯಿತು, ಕಿವಿಯಲ್ಲಿ ನೂರು ಅಲಾರಾಂ ಒಟ್ಟಿಗೆ ಬಾರಿಸಿದವು. ಮೈ ಗಡಗಡ ನಡುಗಿ, ಹುಬ್ಬುಗಳ ನಡುವೆ ಬಿಳಿ ಬೆಳಕು ಒಡೆಯಿತು. ಮೇಷ್ಟ್ರು ಹೇಳಿದ ಒಂದೊಂದು ಮೆಟ್ಟಿಲೂ, ಅದೇ ಕ್ರಮದಲ್ಲಿ. ಅವನ ಕಣ್ಣಲ್ಲಿ ಧಾರಾಕಾರ ನೀರು. ಬರಿಗಾಲಲ್ಲೇ ಟೈರು ಅಂಗಡಿಯ ಮಹಡಿಗೆ ಓಡಿದ.

"ಎದ್ದಿತು ಮೇಷ್ಟ್ರೇ. ನೆತ್ತಿವರೆಗೂ ಬಂತು."

ಮೇಷ್ಟ್ರು ಕಡಲೆಬೀಜ ತಿನ್ನುವುದನ್ನು ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡರು. "ಸಂತೋಷ. ಅದಕ್ಕೆ ಮುಂಚೆ ಏನಾಯ್ತು?"

ನಲವತ್ತು ದಿನದಲ್ಲಿ ಅವನಿಗೆ ಸುಳ್ಳು ಹೇಳುವ ಅಭ್ಯಾಸವೂ ತಪ್ಪಿತ್ತು. ಹುಲಿ, ಚರ್ಮ, ಮೂರು ನಗು, ಎಲ್ಲವನ್ನೂ ಹೇಳಿದ.

"ಬಲಗೈ ತೋರಿಸಿ."

ಮುಷ್ಟಿ ಇನ್ನೂ ಬಿಗಿದೇ ಇತ್ತು. ಮೇಷ್ಟ್ರು ಒಂದೊಂದೇ ಬೆರಳನ್ನು ಬಿಡಿಸಿದರು. ಅಂಗೈಯಲ್ಲಿ ರಕ್ತ ಮೆತ್ತಿದ ಚಿಮಟ, ಬಾಗಿ ಎರಡೂ ತುದಿ ಹೆಣೆದುಕೊಂಡಿತ್ತು.

"ಇದು ಕೋಪ," ಎಂದರು ಮೇಷ್ಟ್ರು.

"ಅದೇ ದಾರೀಲೇ ಬಂತಲ್ಲ ಮೇಷ್ಟ್ರೇ."

"ದಾರಿ ಒಂದೇ ಇರೋದು. ಯಾರು ಬಂದ್ರೂ ಅಲ್ಲೇ ಬರ್ಬೇಕು." ಮತ್ತೆ ಕಡಲೆಬೀಜಕ್ಕೆ ಕೈಹಾಕಿದರು. "ನಾಳೆಯಿಂದ ಒಂದು."

ಅವನು ಮನೆಗೆ ಬಂದಾಗ ಬಾಗಿಲಲ್ಲಿ ಮೂವರೂ ಸಾಲಾಗಿ ನಿಂತಿದ್ದರು. ನಾಳೆ ನಲವತ್ತೊಂದು ಎಂಬ ಭಯ ಮೂರೂ ಮುಖದಲ್ಲಿತ್ತು. ತಮ್ಮನಂತೂ ಕನ್ನಡಿಯ ಒಂದು ಬದಿಯ ತಿರುಪನ್ನು ಆಗಲೇ ಸಡಿಲಿಸಿಟ್ಟಿದ್ದ.

"ಏನಂದ್ರು?" ಎಂದಳು ಹೆಂಡತಿ.

"ನಾಳೆಯಿಂದ ಒಂದು."



"ಒಳ್ಳೇದೇ ಆಯ್ತು ಬಿಡಿ ಭಾವ," ಎಂದಳು ತಮ್ಮನ ಹೆಂಡತಿ. ಹೆಂಡತಿ ಅವನ ಅಂಗೈ ತೊಳೆದು, ಔಷಧಿ ಹಚ್ಚಿ, ಬಟ್ಟೆ ಕಟ್ಟಿದಳು. ತಮ್ಮ ಒಳಗೆ ಹೋಗಿ ತಿರುಪು ಬಿಗಿ ಮಾಡಿದ.

ಪಾರ್ಲರ್ ಈಗ ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ತೆರೆದಿರುತ್ತದೆ. ಆ ಮನೆಯಲ್ಲಿ ಗಡಿಯಾರ ರಿಪೇರಿ ಮಾಡುವುದಿಲ್ಲ.