ಎರಡು ರಾಜ್ಯ, ಒಂದು ಟ್ಯಾಂಕರ್

ಶಿವರಾತ್ರಿ ಕಳೆದ ವಾರವೇ ಚಿಕ್ಕವೆಂಕಟಮ್ಮನ ಕೊಳವೆಬಾವಿ ನೀರಿನ ಬದಲು ಗಾಳಿ ಉಗುಳತೊಡಗಿತು. ಬೂದಿಕೋಟೆ ಹತ್ತಿರದ ಹಳ್ಳಿಯ ಆ ಹೆಂಗಸಿಗೆ ಇದ್ದದ್ದು ಮೂರು ಸೀಮೆಹಸು. ಡೇರಿಗೆ ಹಾಕುವ ಹಾಲೇ ಅವಳ ಜೀವನ.

ಪಕ್ಕದ ಹೊಲದ ಚಿಕ್ಕಮುನಿಯಪ್ಪನ ಬಾವಿ ಮಾತ್ರ ಹಗಲಿಡೀ ಓಡುತ್ತಿತ್ತು. ಅದು ಅವಳ ಬಾವಿಗಿಂತ ಆರುನೂರು ಅಡಿ ಹೆಚ್ಚು ಆಳ. ಟ್ಯಾಂಕರುಗಳು ತುಂಬಿಕೊಂಡು ಕೆಜಿಎಫ್ ಕಡೆ ಹೋಗುತ್ತಿದ್ದವು. ಒಂದು ದಿನ ಚಿಕ್ಕವೆಂಕಟಮ್ಮ ಬದುವಿನ ಮೇಲೆ ನಿಂತು ಕೇಳಿಯೇಬಿಟ್ಟಳು.

“ಏನ್ಲಾ ಮುನಿಯಪ್ಪ, ನಿಮ್ಮಪ್ಪ ಊರ ಕೆರೆಗೆ ನೀರುಗಂಟಿ ಆಗಿದ್ನಲ್ಲಾ. ತೂಬು ಎತ್ತಿ ಎಲ್ಲಾರ ಗದ್ದೆಗೂ ನೀರು ಹಂಚ್ತಿದ್ದೋನು. ಬರ ಬಂದ್ರೆ ಮೊದ್ಲು ದನಕ್ಕೆ, ಆಮೇಲೆ ಕೊನೇ ಗದ್ದೆಗೆ ಅಂತಿದ್ದ. ಅವನಿಗೆ ನೀನೆಂಗೆ ಉಟ್ಟಿದ್ಯೋ!”

“ಅದು ಕೆರೆ ನೀರಕ್ಕ, ಊರಿಂದು. ಇದು ನನ್ನ ನೆಲ, ನನ್ನ ಬೋರು. ನಾವ್ ಬಿಟ್ರೆ ಕೆಳಗಡೆ ತಮಿಳುನಾಡಿನೋರು ಈರ್ಕಂತಾರೆ. ಮಾರ್ಕಂಡೇಯ ನದಿ ಅತ್ತಲೇ ತಾನೇ ಅರಿಯೋದು?”

ಟ್ಯಾಂಕರ್ ಚಾಲಕ ಕುಪ್ಪುಸ್ವಾಮಿ ಕೆಜಿಎಫ್‌ನ ಊರಿಗಾಂ ಗಣಿ ಕಾರ್ಮಿಕರ ಲೈನಿನವನು. ದಿನವೂ ಹೊರಡುವಾಗ ಅವಳ ಬಾನಿಗೆ ಎರಡು ಬಕೆಟ್ ಸುರಿದು ಹೋಗುತ್ತಿದ್ದ. “ಓನರ್‌ಗೆ ಯೋಳ್ಬೇಡಿ ಅಮ್ಮಾ. ನಮ್ಮ ಲೈನ್‌ನಾಗೂ ಈ ತಣ್ಣಿಗೇ, ಈ ನೀರಿಗೇ ಕೊಡ ಇಟ್ಕಂಡು ಕಾಯ್ತಾ ಇರ್ತಾರೆ.” ಎರಡು ಬಕೆಟ್ ಒಂದು ಹಸುವಿಗೂ ಸಾಲದು. ಆದರೂ ಅವನು ಒಂದು ದಿನವೂ ಮರೆಯಲಿಲ್ಲ.

ಪಂಚಾಯಿತಿಯ ನೀರಿನ ಸಮಿತಿಯ ಸುಮಲತ ಒಂದು ಮಧ್ಯಾಹ್ನ ಚಿಕ್ಕಮುನಿಯಪ್ಪನ ಜಗಲಿಗೆ ಬಂದು ಕೂತಳು.

“ಮಾವ, ನೆಲದೊಳಗಿನ ನೀರಿಗೆ ಬದು ಇಲ್ಲ. ನಿನ್ನ ಮೋಟ್ರು ಪಕ್ಕದ ಹೊಲದ ಅಕ್ಕನ ನೀರ್ನೂ ಎಳೀತೈತೆ.”

“ಓದಿರೋಳು ನೀನು, ಏನಾದ್ರೂ ಯೋಳ್ತೀಯ. ನೀರು ಯಾರಿಗೆ ಸೇರಿದ್ದು ಅಂತ ಸರ್ಕಾರಗಳೇ ಕಿತ್ತಾಡ್ತವೆ.”

“ನದಿಗಾಗಿ ರಾಜ್ಯಗಳು ಕಿತ್ತಾಡಿದ್ರೆ ತೀರ್ಪು ಯೋಳಕ್ಕೆ ನ್ಯಾಯಮಂಡಳಿ ಐತೆ. ಟ್ಯಾಂಕರ್‌ನಾಗೆ ಊರು ಬಿಟ್ಟು ಓಗೋ ನೀರನ್ನ ಯಾರು ಅಳೀತಾರೆ? ಕೆಳಗಿನೋರು ಅಂತೀಯಲ್ಲ, ಕೆಳಗೆ ನಿನ್ನ ಮಗಳೇ ಅವ್ಳೆ. ಒಂದು ಫೋನ್ ಮಾಡಿ ಕೇಳು.”

ಮಗಳು ನವ್ಯಳನ್ನು ಕೊಟ್ಟಿದ್ದು ಅದೇ ನದಿಯ ದಂಡೆಯ, ಗಡಿಯಾಚೆಯ ಹಳ್ಳಿಗೆ. ಚಿಕ್ಕಮುನಿಯಪ್ಪ ಅಲ್ಲೇ ಕೂತು, ಸುಮಲತಳಿಗೂ ಕೇಳುವಂತೆ ಸ್ಪೀಕರ್ ಹಾಕಿ ಫೋನ್ ಮಾಡಿದ.

“ನಮ್ಮ ಮಾವಾನೂ ಮಾರ್ತಾ ಅವ್ರೆ ಅಪ್ಪಾ. ಮೇಲಿನ ಕರ್ನಾಟಕದೋರು ಎಲ್ಲಾ ಎಳ್ಕಂಬುಡ್ತಾರೆ, ಅದ್ಕೆ ಮುಂಚೆ ನಾವೇ ಮಾರಾಣ ಅಂತಾರೆ.”

“ಟ್ಯಾಂಕರ್ ಯಾರ್ದಮ್ಮಾ?”

“ಕೆಜಿಎಫ್ ಸುಬ್ರಮಣಿದು.”

ಚಿಕ್ಕಮುನಿಯಪ್ಪ ನೀರು ಕೊಡುತ್ತಿದ್ದದ್ದೂ ಅದೇ ಸುಬ್ರಮಣಿಗೆ. ಅವನೇ ಮತ್ತೆ ಕೇಳಿದ:

“ನಿಮಗೆ ಕುಡಿಯೋಕೆ?”

“ಊರ ಬಾವಿ ಬತ್ತೋಯ್ತಪ್ಪ. ನಮ್ಮ ಬೋರ್ ನೀರು ಉಪ್ಪು, ಕಟ್ಟಡ ಕೆಲಸಕ್ಕೆ ಮಾತ್ರ ಆಗ್ತದೆ. ಅದೇ ಟ್ಯಾಂಕರ್‌ನೋನು ಎಲ್ಲಿಂದಾನೋ ತತ್ತಾನೆ, ಕೊಂಡ್ಕಂತೀವಿ.”

ಸುಮಲತ ಮೆತ್ತಗೆ ಹೇಳಿದಳು: “ನೀನು ಅವ್ರಿಗೆ ಎದರಿ ಮಾರ್ದೆ, ಅವ್ರು ನಿನಗೆ ಎದರಿ ಮಾರಿದ್ರು. ಮಾರಲೇಬೇಡ ಅನ್ನಲ್ಲ ಮಾವ. ಊರಿಗಾಂನೋರ್ಗೂ ಬಾಯಾರತ್ತೆ. ಎಷ್ಟು, ಯಾರನ್ನ ಕೇಳಿ, ಯಾರಿಗೆ ಮೊದ್ಲು ಅನ್ನೋದು ಎರಡೂ ಕಡೆ ಕೂತು ತೀರ್ಮಾನ ಆಗ್ಬೇಕು.”

ಆದರೂ, ಸುಬ್ರಮಣಿಗೆ ಕೊಟ್ಟ ಮಾತು ಎಂದು ಚಿಕ್ಕಮುನಿಯಪ್ಪ ಇನ್ನೂ ಹತ್ತು ದಿನ ಮಾರುತ್ತಲೇ ಇದ್ದ. ಆ ಹತ್ತು ದಿನದಲ್ಲಿ ಚಿಕ್ಕವೆಂಕಟಮ್ಮನ ಎರಡು ಹಸು ಬಂಗಾರಪೇಟೆ ಸಂತೆಗೆ ಹೋದವು. ಒಂದು ಗಬ್ಬವಾಗಿತ್ತು.

ಅದನ್ನು ಕಂಡ ಮೇಲೆ ಸೇರಿದ ಗ್ರಾಮಸಭೆಯಲ್ಲಿ ಅವನೇ ಎದ್ದು ನಿಂತು ಮಾತೆತ್ತಿದ. ಕುಡಿಯಲು ಮತ್ತು ದನಕರುಗಳಿಗೆ ಬಿಟ್ಟು ಉಳಿದರೆ ಮಾತ್ರ ಮಾರಾಟ, ಮಾರುವ ಬೋರಿಗೆ ಮೀಟರು, ಅನುಮತಿ ಇಲ್ಲದೆ ಹೊಸ ಬೋರು ಇಲ್ಲ ಎಂದು ತೀರ್ಮಾನವಾಯಿತು. ಅದರ ಪ್ರತಿ ಹಿಡಿದು ಬೀಗರ ಊರಿಗೆ ಹೋದ. ಅವರ ಪಂಚಾಯಿತಿಯೂ ಒಪ್ಪಿತು. ವಾಪಸು ಬಂದವನೇ ಚಿಕ್ಕವೆಂಕಟಮ್ಮನ ಕೊಟ್ಟಿಗೆಗೆ ಪೈಪು ಎಳೆದ.

ಅವಳು ಬೈಯಲಿಲ್ಲ. ಕೂರಲು ಚಾಪೆ ಹಾಕಿದಳು.

“ಮೀಟ್ರು ಇಟ್ಟೆ, ಒಳ್ಳೇದಾಯ್ತು ಕಣಪ್ಪ. ನನ್ನ ಗಬ್ಬದ ಹಸ ತಿರುಗಿ ಬತ್ತದಾ?”

ಅವನು ಪೈಪಿನ ನಲ್ಲಿ ತಿರುಗಿಸಿ ಅವಳ ಬಾನಿ ತುಂಬಿಸಿದ. ಅವಳ ಬಾವಿ ಈಗಲೂ ಗಾಳಿಯನ್ನೇ ಉಗುಳುತ್ತಿದೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಊರಿನಿಂದಲೂ ನೀರು ಟ್ಯಾಂಕರ್ ಹತ್ತುತ್ತಿರಬಹುದು. ದಿನಕ್ಕೆ ಎಷ್ಟು ಹೋಗುತ್ತದೆ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ. ನದಿಯ ಕೆಳಗಿನ ಊರಿನವರು ಬೇರೆ ಭಾಷೆ ಆಡಿದರೂ ಅವರನ್ನೂ ಕರೆದು ಕೂರಿಸಿ. ಹಸು ಸಂತೆಗೆ ಹೋಗುವ ಮೊದಲೇ ಕೇಳಿ.