ಲೋಕಪ್ರಿಯ ರಾಗ

ಗಂಡಿನ ಕಡೆಯವರು ಸಂಪಾಜೆ ದಾಟಿ ಘಾಟಿ ಹತ್ತುತ್ತಿದ್ದಾರೆಂದು ಫೋನು ಬಂದಾಗಿನಿಂದ ಹಂಸಿನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಉಟ್ಟ ಸೀರೆಯ ನೆರಿಗೆ ಬಿಚ್ಚಿ ಮತ್ತೆ ಹಿಡಿದಳು. ಕಿಟಕಿ ತೆರೆದಳು, ಮುಚ್ಚಿದಳು. ಅವಳಿಗೆ ಈ ಮದುವೆ ಬೇಡವಾಗಿತ್ತು. ಹಾಗೆಂದು ಹೇಳಲು ಯಾರಾದರೂ ಕೇಳಬೇಕಲ್ಲ! ಮಡಿಕೇರಿಯ ಆ ಮನೆಯಲ್ಲಿ ಜಾತಕ ಕೇಳಿದ್ದರು, ಹುಡುಗನ ಕೆಲಸ ಕೇಳಿದ್ದರು, ಕೇಸರಿಬಾತಿಗೆ ದ್ರಾಕ್ಷಿ ಹಾಕಬೇಕೇ ಎಂದೂ ಕೇಳಿದ್ದರು. ಇವಳನ್ನೊಬ್ಬಳನ್ನು ಬಿಟ್ಟು.

ಹುಡುಗ ಸ್ಕಂದನಲ್ಲಿ ದೋಷವೇನೂ ಇರಲಿಲ್ಲ. ಅದೇ ತೊಂದರೆ. ದೋಷವಿಲ್ಲದವನನ್ನು ಬೇಡವೆನ್ನಲು ಮಾತು ಎಲ್ಲಿಂದ ತರುವುದು? ಇವತ್ತು ಸುಮ್ಮನಿದ್ದರೆ ಅದೇ ಒಪ್ಪಿಗೆ.

ಅವಳ ಅಪ್ಪ ತಿರುಮಲೇಶ್ವರ ಭಟ್ಟರು ಊರಿಗೆಲ್ಲ ಸಂಗೀತ ಮೇಷ್ಟ್ರು. ಬಾಲ್ಯದಲ್ಲಿ ಅವರು ಮಗಳಿಗೆ ಒಂದು ಆಟ ಕಲಿಸಿದ್ದರು. ಶಂಕರಾಭರಣದ ಒಂದೊಂದು ಸ್ವರವನ್ನೂ ಷಡ್ಜ, ಅಂದರೆ ಮೊದಲ ಸ, ಮಾಡಿಕೊಂಡು ಹಾಡುವುದು. ಪ್ರತಿ ಸ್ವರದಲ್ಲೂ ಹೊಸ ರಾಗ ಹುಟ್ಟುತ್ತದೆ. ಕೊನೆಯ ಸ್ವರ ನಿಷಾದಕ್ಕೆ ಬಂದಾಗ ಮಾತ್ರ ಅವರು ಕೈಯೆತ್ತಿಬಿಡುತ್ತಿದ್ದರು. "ಅಲ್ಲಿ ಕೂರಕ್ಕಾಗಲ್ಲ ಮಗೂ. ಷಡ್ಜದ ಜೊತೆ ನಿಲ್ಲೋ ಪಂಚಮನೇ ಸಿಗಲ್ಲ."

ಕೂರಲಾಗುವುದಿಲ್ಲವೆಂದರೆ ಹಂಸಿನಿ ಬಿಡುವವಳೇ? ಅಮ್ಮತ್ತಿಯ ಶಾಲೆಯಲ್ಲಿ ಮಕ್ಕಳಿಗೆ ಯುಕುಲೇಲೆ ಕಲಿಸುವ ಕೆಲಸ ಸಿಕ್ಕಿದ ಮೇಲೆ, ಮೊಬೈಲಿನ ಪಾಠವೊಂದರಲ್ಲಿ ಅದೇ ಜಾಗ ಮತ್ತೆ ಎದುರಾಯಿತು. ಲೋಕ್ರಿಯನ್ ಎಂದು ಹೆಸರು. ಪಾಶ್ಚಾತ್ಯರೂ ಅದನ್ನು ದೂರವೇ ಇಡುತ್ತಾರಂತೆ. ಅಲ್ಲಿಂದ ಅವಳಿಗೆ ಅದರದೇ ಹುಚ್ಚು. ನಾಲ್ಕು ತಂತಿಯ ಆ ಪುಟ್ಟ ವಾದ್ಯವನ್ನು ಅಪ್ಪ ಸೋಪಿನ ಪೆಟ್ಟಿಗೆ ಎನ್ನುತ್ತಿದ್ದರು, ನುಡಿಸಿದರೆ ಎದ್ದು ಹೋಗುತ್ತಿದ್ದರು.

ಅತಿಥಿಗಳು ಬಂದರು, ತಿಂಡಿಯಾಯಿತು. ಸ್ಕಂದನ ದೊಡ್ಡಮ್ಮ ಕೈ ಒರೆಸಿಕೊಂಡು ನಿರೀಕ್ಷಿಸಿದ ಮಾತನ್ನೇ ಆಡಿದರು. "ಒಂದು ಹಾಡು ಆಗ್ಲಿ. ಸಂಗೀತದವರ ಮನೆ ಅಲ್ವಾ?"

ಹಂಸಿನಿ ಒಳಗೆ ಹೋಗಿ ಯುಕುಲೇಲೆ ತಂದಳು. ಅಮ್ಮ ಕಾತ್ಯಾಯನಿ ಕಣ್ಣು ಬಿಟ್ಟರು. "ಅದ್ಯಾಕೆ ಈಗ? ಸುಮ್ನೆ ದೇವರನಾಮ ಹೇಳಬಾರ್ದಾ?"

ಅಪ್ಪ ಮುಂದೆ ಸರಿದು ಕೂತರು. ಅವಳು ಮೀಟಿದ ಷಡ್ಜಕ್ಕೆ ಶ್ರುತಿಪೆಟ್ಟಿಗೆ ಕೂಡಿಸಿ, ಅಭ್ಯಾಸಬಲದಿಂದ ಪಂಚಮದ ಗುಂಡಿಯನ್ನೂ ಒತ್ತಿದರು.

"ಯಾವ ರಾಗಮ್ಮಾ?" ಎಂದರು ದೊಡ್ಡಮ್ಮ.

"ಲೋಕ್ರಿಯನ್."

"ಲೋಕಪ್ರಿಯವಾ! ಹೆಸರೇ ಎಷ್ಟು ಚೆಂದ."

ಹಂಸಿನಿ ಮೊದಲ ಕಾರ್ಡ್, ಅಂದರೆ ಸ್ವರಗುಚ್ಛ, ಹಿಡಿದಳು. ಬೆರಳುಗಳು ಇಕ್ಕಟ್ಟಿನಲ್ಲಿ ಒಂದರ ಮೇಲೊಂದು ಬೀಳುವಂಥ ಕಾರ್ಡ್. ಮೂರು ಸ್ವರ ಒಟ್ಟಿಗೆ ಮೊಳಗಿದ್ದೇ ತಡ, ಶ್ರುತಿಪೆಟ್ಟಿಗೆಯ ಪಂಚಮ ಅದಕ್ಕೆ ಡಿಕ್ಕಿ ಹೊಡೆಯಿತು. ಸ್ಕಂದ ಲೋಟ ಕೆಳಗಿಟ್ಟ. ಅವಳು ಬೇರೆ ಕಾರ್ಡುಗಳಿಗೆ ಜಾರಿದಳು; ಅವು ಹಿತವಾಗಿಯೇ ಇದ್ದವು. ಆದರೆ ಪ್ರತಿ ಸಲವೂ ಮೊದಲಿನದಕ್ಕೇ ಮರಳುತ್ತಿದ್ದಳು, ಮರಳಿದಾಗಲೆಲ್ಲ ಅದೇ ಕಿರಿಕಿರಿ. ಹೇಳಲಾಗದ್ದೆಲ್ಲ ಅಲ್ಲೇ ಇತ್ತು, ಯಾರಿಗೂ ಕೇಳಿಸದಿದ್ದರೆ ಅಷ್ಟೇ ಕಥೆ.

ಅಪ್ಪ ಶ್ರುತಿಪೆಟ್ಟಿಗೆಯತ್ತ ಕೈ ಚಾಚಿದರು. ಆರಿಸಿಬಿಡುತ್ತಾರೆ ಎಂದುಕೊಂಡಳು. ಶ್ರುತಿಗೆ ಹಾಡುವವಳು ಸೇರಬೇಕು, ಹಾಡುವವಳಿಗೆ ಶ್ರುತಿಯಲ್ಲ ಎಂದು ಅವಳಿಗೆ ಬೈದು ಬೈದು ಕಲಿಸಿದವರು ಅವರೇ ತಾನೇ?

ಅವರು ಪಂಚಮ ತೆಗೆದು ಶ್ರುತಿಯನ್ನೇ ಅವಳ ರಾಗದ ಮಧ್ಯಮಕ್ಕೆ ತಿರುಗಿಸಿದರು.

ಡಿಕ್ಕಿ ತಗ್ಗಿತು. ಕಾರ್ಡು ಈಗಲೂ ತಳಮಳಿಸುತ್ತಿತ್ತು, ಆದರೆ ಒಂಟಿಯಾಗಿರಲಿಲ್ಲ. ಹಂಸಿನಿ ತಲೆಯೆತ್ತಿ ನೋಡಿದಳು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು, ಎದ್ದು ಹೋಗಲಿಲ್ಲ.

ಅವಳು ನಿಲ್ಲಿಸಿದಾಗ ದೊಡ್ಡಮ್ಮ ಸೆರಗು ಸರಿಪಡಿಸಿಕೊಂಡರು. "ಇನ್ನು ಒಂದು ಮಂಗಳ ಹೇಳಿ ಮುಗಿಸಿಬಿಡು ಮಗೂ. ಶುಭಕಾರ್ಯ."

"ಸ್ವಲ್ಪ ಇರಿ," ಎಂದರು ಅಪ್ಪ. ಮಗಳ ಕಡೆ ತಿರುಗಿದರು. "ಅಲ್ಲಿ ಕೂರಕ್ಕಾಗ್ತಾ ಇಲ್ಲ, ಅಲ್ವಾ?"

ಕೊನೆಗೂ ಒಬ್ಬರು ಕೇಳಿದ್ದರು.

"ಆಗ್ತಾ ಇಲ್ಲ, ಅಪ್ಪ."

ತಿರುಮಲೇಶ್ವರ ಭಟ್ಟರು ಎದ್ದು ಅತಿಥಿಗಳಿಗೆ ಕೈ ಮುಗಿದರು. "ತಪ್ಪು ನಂದು. ಮೊದಲೇ ಇವಳನ್ನ ಕೇಳ್ಬೇಕಿತ್ತು."