ಎಡಬದಿಯ ಬಾಗಿಲು

ಹಳೆಯ ಕಾರುಗಳನ್ನು ಕಾರ್ಖಾನೆಯಿಂದ ಹೊರಬಂದ ದಿನದಂತೆ ಮಾಡಿಕೊಡುವುದರಲ್ಲಿ ಆ ಮೇಸ್ತ್ರಿಯದು ಎತ್ತಿದ ಕೈ. ಜೊತೆಗಾರರು ಅವನನ್ನು ‘ಪತ್ತೇದಾರ’ ಎಂದೇ ಕರೆಯುತ್ತಿದ್ದರು. ಒಂದು ಸ್ಕ್ರೂ ಮೂಲದ್ದಲ್ಲ ಎಂದು ಅನುಮಾನ ಬಂದರೂ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ನಿವೃತ್ತ ಶಿಕ್ಷಕಿಯೊಬ್ಬರು ತೀರಿಹೋದ ತಂದೆಯ ನೀಲಿ ಕಾರನ್ನು ಅವನಲ್ಲಿಗೆ ತಂದರು. ವಸ್ತುಸಂಗ್ರಹಾಲಯಕ್ಕೆ ಕೊಡಬೇಕು, ಎಲ್ಲವೂ ಅಸಲಿ ಎಂಬ ವರದಿ ಬೇಕು ಎಂದರು. ಕೆಲಸ ನೋಡಲು ಬಂದಾಗಲೆಲ್ಲ ಅಪ್ಪನ ಗುಣಗಾನವೇ. ಅಮ್ಮನ ಮಾತು ಒಮ್ಮೆ ಮಾತ್ರ ಬಂತು. ಎರಡು ವರ್ಷದ ತಮ್ಮನಿಗೆ ಜ್ವರ ಬಂದಾಗ ಅಮ್ಮ ಉದಾಸೀನ ಮಾಡಿದ್ದರಿಂದ ಮಗು ಉಳಿಯಲಿಲ್ಲವೆಂದು ಅಪ್ಪನೇ ಹೇಳಿದ್ದರಂತೆ. ಏಳು ವರ್ಷದ ಇವರು ಆಗ ಅಜ್ಜಿಯ ಮನೆಯಲ್ಲಿದ್ದರು. ಆಮೇಲೆ ಅಮ್ಮನ ಜೊತೆ ಮನಸ್ಸು ಬಿಚ್ಚಿ ಮಾತಾಡಿದ್ದೇ ಇಲ್ಲ ಎಂದರು.

ಮೇಸ್ತ್ರಿ ಬಣ್ಣದ ಪದರಗಳನ್ನು ಒಂದೊಂದಾಗಿ ಉಜ್ಜಿ ನೋಡಿದ. ಎಲ್ಲ ಕಡೆ ನೀಲಿಯ ಕೆಳಗೆ ಬರೀ ತಗಡು. ಮುಂದಿನ ಎಡಬಾಗಿಲಿನಲ್ಲಿ ಮಾತ್ರ ನೀಲಿಯಡಿ ಹಸಿರು ಕಂಡಿತು. ಅದರೊಳಗೆ ಒತ್ತಿದ್ದ ಸಂಖ್ಯೆಯೂ ಬೇರೆ ಕಾರಿನದು. ಕಾರ್ಖಾನೆಗೆ ಬರೆದು ಕೇಳಿದ. ಅವರ ದಾಖಲೆಯಲ್ಲಿ ಕಾರು ಪೂರ್ತಿ ನೀಲಿಯೇ. ಬಾಗಿಲ ಸಂದಿನ ಬೆಸುಗೆಯಂಥದ್ದನ್ನು ಹಳೆಯ ಕಾರುಗಳಲ್ಲಿ ಎಷ್ಟೋ ಸಲ ಕಂಡಿದ್ದ ಮೇಸ್ತ್ರಿಗೆ ಅದು ಯಾರ ಕೈಯದೆಂದು ಗೊತ್ತಾಯಿತು. ಊರಂಚಿನಲ್ಲಿದ್ದ ಮುದುಕ ವೆಲ್ಡರನ ಮನೆಗೆ ಹೋದ.

ಮಂಚದಲ್ಲಿ ಒರಗಿದ್ದ ಮುದುಕ ಬಾಗಿಲಿನ ಫೋಟೋ ನೋಡಿ ಎದ್ದು ಕುಳಿತ. ಆ ಬಾಗಿಲಿನ ಚಿಲಕ ಕೆಟ್ಟಿತ್ತು, ಎರಡು ಸಲ ಹೇಳಿದರೂ ಕಾರಿನ ಯಜಮಾನರು ನಾಳೆ ನಾಳೆ ಎಂದು ದೂಡಿದರು ಎಂದ.

“ತಿರುವಿನಲ್ಲಿ ಬಾಗಿಲು ತೆರ್ಕೊಳ್ತು. ತಾಯಿ ಮಡಿಲಿಂದ ಕೂಸು ಜಾರಿಬಿಡ್ತು. ಹಿಂದೆ ಲಾರಿ ಬರ್ತಿತ್ತು.”

ಆ ಬಾಗಿಲು ಮತ್ತೆ ಕಣ್ಣಿಗೆ ಬೀಳಬಾರದು, ಬೇರೆ ಹಾಕು ಎಂದು ಯಜಮಾನರು ಮರುವಾರವೇ ಕಾರು ತಂದರಂತೆ.

‘ಎಡಬಾಗಿಲು ಮೂಲದ್ದಲ್ಲ’ ಎಂದಷ್ಟೇ ಮೇಸ್ತ್ರಿ ವರದಿಯಲ್ಲಿ ಬರೆದ. ಶಿಕ್ಷಕಿ ಬಿಡಲಿಲ್ಲ, ಯಾಕೆ ಬದಲಾಯಿತೆಂದು ಕೆದಕಿದರು. ಸುಳ್ಳು ಬಾಯಿಗೆ ಬರದೆ ಅವನು ಕೇಳಿದ್ದನ್ನೆಲ್ಲ ಹೇಳಿದ.

ಅವರು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕುಳಿತರು.

“ಅಮ್ಮ ಒಂದು ದಿನಾನೂ ಬಾಯಿ ಬಿಡ್ಲಿಲ್ಲ” ಎಂದರು. “ಕೊನೇ ಸಲ ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡಿದ್ಲು. ಪಾಠಕ್ಕೆ ಹೊತ್ತಾಯ್ತು ಅಂತ ಬಿಡಿಸ್ಕೊಂಡು ಬಂದೆ.”

ಮೇಸ್ತ್ರಿ ನೀರು ತಂದುಕೊಟ್ಟ. ಲೋಟ ಅವರ ಕೈಯಲ್ಲೇ ಉಳಿಯಿತು. ಕಾರಣವನ್ನೂ ತಂದೆಯ ಹೆಸರನ್ನೂ ವರದಿಗೆ ಸೇರಿಸಿ ಎಂದರು. ಹಾಗೆ ಬರೆದರೆ ಸಂಗ್ರಹಾಲಯದವರು ಕಾರು ಮುಟ್ಟಲಿಕ್ಕಿಲ್ಲ ಎಂದು ಅವನು ಎಚ್ಚರಿಸಿದ.

“ಬಿಡ್ಲಿ. ನಲವತ್ತು ವರ್ಷ ಅವಳೊಬ್ಬಳೇ ಹೊತ್ಕೊಂಡಿದ್ಲು. ನೀವು ಬರೀರಿ.”

ಸಂಗ್ರಹಾಲಯದವರು ನಯವಾಗಿ ಬೇಡವೆಂದರು. ಕಾರು ಶೆಡ್ಡಿನ ಮೂಲೆ ಸೇರಿತು. ಶಿಕ್ಷಕಿ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಕಾರನ್ನು ಏನು ಮಾಡಲೆಂದು ಮೇಸ್ತ್ರಿ ಫೋನಿನಲ್ಲಿ ಕೇಳಿದಾಗ, ಗುಜರಿಗೆ ಹಾಕಿ ಎಂದರು.

ಅಂಥ ಕಾರನ್ನು ಮೇಸ್ತ್ರಿ ತನ್ನ ಕೈಯಾರೆ ಎಂದೂ ಗುಜರಿಗೆ ಹಾಕಿದವನಲ್ಲ. ಇದನ್ನು ಮಾತ್ರ ಮೂರು ದಿನ ಹಿಡಿದು, ಯಾರನ್ನೂ ಹತ್ತಿರ ಸೇರಿಸದೆ, ಒಬ್ಬನೇ ಗುಜರಿಗೆಂದು ಬಿಚ್ಚಿದ.